ಬಾಲ್ಕನಿಯಿಂದ ಚಾಪೆಗೆ: ನಮ್ಮ ಮನೆಗೆ ಬಂದ ಹಾಲಿವುಡ್



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ.

ಮೊನ್ನೆ ನಮ್ಮ ಸಂಗಾತಿಯೊಬ್ಬ ಕೇಳಿದ: "ಅಣ್ಣಾ, ಭಾನುವಾರ ಬಂದ್ರೆ ಮನೇಲಿ ಮಕ್ಕಳನ್ನ ಕೂರಿಸ್ಕೊಂಡು ಹಳೇ ಇಂಗ್ಲಿಷ್ ಪಿಕ್ಚರ್ ಹಾಕ್ತೀರಂತೆ. ಭದ್ರಾವತೀಲಿ ಫ್ಯಾಕ್ಟರಿ ಮುಚ್ಚಿ ಜನ ಬೀದಿಗೆ ಬಿದ್ದಿದಾರೆ. ಇದೆಲ್ಲ ಹೊಟ್ಟೆ ತುಂಬಿದೋರ ಚಟ ಅಲ್ವೇನಣ್ಣಾ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಟೀ ಅಂಗಡಿ ಮುಂದೆ ನಿಂತು ಎರಡು ಮಾತಲ್ಲಿ ಮುಗಿಸುವ ಉತ್ತರ ಇದಕ್ಕಿಲ್ಲ. ಅದಕ್ಕೇ ಬರೀತಿದ್ದೀನಿ.

ನಾನು ಸಿನಿಮಾ ಪಂಡಿತನಲ್ಲ. ಬಿ.ಎ. ಓದಿ ಗುಮಾಸ್ತಿಕೆ ಮಾಡುವವನು. ಯಾವ ಹೆಸರು ಯಾವ ಕಾಲಂನಲ್ಲಿ ಕೂತಿದೆ ಅಂತ ನೋಡುವುದು ನನ್ನ ಕಸುಬು. ಸಿನಿಮಾವನ್ನೂ ಹಾಗೇ ನೋಡ್ತೀನಿ. ಪರದೆಯ ಮೇಲೆ ಯಾರು ಎಲ್ಲಿ ನಿಂತಿದ್ದಾರೆ? ಪರದೆಯ ಮುಂದೆ ಯಾರು ಎಲ್ಲಿ ಕೂತಿದ್ದಾರೆ? ಸಿನಿಮಾದ ಚರಿತ್ರೆ ಅಂದರೆ ಕೂರುವ ಜಾಗದ ಚರಿತ್ರೆ ಕೂಡ. ಆ ಚರಿತ್ರೆಯಲ್ಲಿ ನಮ್ಮವರು ಬಹಳ ಕಾಲ ನಿಂತುಕೊಂಡೇ ಇದ್ದರು.

ಮೊದಲು ನಮ್ಮ ಕಡೆಯದ್ದು ಹೇಳ್ತೀನಿ.

ಟೂರಿಂಗ್ ಟಾಕೀಸ್ ಕಾಲದಲ್ಲಿ ನೆಲ, ಬೆಂಚು, ಕುರ್ಚಿ ಅಂತ ಬೇರೆ ಬೇರೆ ದರ. ನೆಲದವರು ಪರದೆಗೆ ತೀರಾ ಹತ್ತಿರ, ಮರಳಿನ ಮೇಲೆ, ಕತ್ತೆತ್ತಿ ನೋಡಬೇಕು. ಟಿಕೇಟಿನ ಮೇಲೆ ಜಾತಿ ಬರೆದಿರಲಿಲ್ಲ. ಆದರೆ ಗದ್ದೆ ಕೂಲಿ ಮಾಡಿ ಬಂದ ಕೈಯಲ್ಲಿ ಇರುತ್ತಿದ್ದದ್ದು ನೆಲದ ಕಾಸು ಮಾತ್ರ. ಆದರೂ ಹೇಳಲೇಬೇಕಾದ ಒಂದು ಮಾತಿದೆ: ದೇವಸ್ಥಾನದೊಳಕ್ಕೆ ಬಿಡದ ಊರಲ್ಲೂ ಟೆಂಟಿನೊಳಕ್ಕೆ ಬಿಡುತ್ತಿದ್ದರು. ಕಾಸು ಕೊಟ್ಟರೆ ಕತ್ತಲು ಎಲ್ಲರಿಗೂ ಒಂದೇ.

ಟಿವಿ ಬಂದಮೇಲೆ ಸಿನಿಮಾ ಮನೆಯೊಳಕ್ಕೆ ಹೋಯಿತು. ಮನೆ ಅಂದಮೇಲೆ ಹೊಸ್ತಿಲು ಇರುತ್ತೆ, ಹೊಸ್ತಿಲು ಅಂದಮೇಲೆ ಜಾತಿ ಇರುತ್ತೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಾನು ಚಿಕ್ಕ ಹುಡುಗ. ಊರಲ್ಲಿ ಟಿವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಉಳಿದ ಹುಡುಗರು ಒಳಗೆ ಹೋಗಿ ಚಾಪೆ ಮೇಲೆ ಕೂರುತ್ತಿದ್ದರು. ನಮ್ಮ ಕೇರಿ ಹುಡುಗರದ್ದು ಕಿಟಕಿ. ಒಬ್ಬ ಸರಳು ಹಿಡಿದುಕೊಂಡು ನೋಡಿ, ಹಿಂದಿದ್ದವರಿಗೆ ಏನಾಗ್ತಿದೆ ಅಂತ ಹೇಳಬೇಕು. ನಮ್ಮ ತಲೆಮಾರಿನವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿರುತ್ತೆ, ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಗೆ ಹಳೇ ಪೋರ್ಟಬಲ್ ಟಿವಿ ಬಂದದ್ದು ನಾನು ಹೈಸ್ಕೂಲಲ್ಲಿದ್ದಾಗ. ಕಪ್ಪು ಬಿಳುಪಿನದ್ದು. ಅದೇ ಸುಮಾರಿಗೆ ಕೇಬಲ್ ಬಂತು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಒಂದು ವಿಚಿತ್ರ ಏರ್ಪಾಡಿತ್ತು, ನೆನಪಿದೆಯಾ? ಹಗಲೆಲ್ಲ ಕಾರ್ಟೂನ್, ರಾತ್ರಿಯಾದರೆ ಅದೇ ಚಾನೆಲ್ ಟಿ.ಎನ್.ಟಿ. ಆಗಿಬಿಡುತ್ತಿತ್ತು. ಟಾಮ್ ಅಂಡ್ ಜೆರ್ರಿ ಓಡಾಡಿದ ಜಾಗದಲ್ಲಿ ಟೋಪಿ, ಕೋಟು ಹಾಕಿದ ಬಿಳಿಯರು ಬಂದು ಮಾತಾಡೋರು. ಕಾರಣ ಇಷ್ಟೆ: ಟೆಡ್ ಟರ್ನರ್ ಎಂಬ ಅಮೆರಿಕದ ಟಿವಿ ವ್ಯಾಪಾರಿ 1986ರಲ್ಲಿ ಎಂ.ಜಿ.ಎಂ. ಸ್ಟುಡಿಯೋದ ಹಳೇ ಸಿನಿಮಾ ಭಂಡಾರವನ್ನು ಕೊಂಡುಕೊಂಡಿದ್ದ. ಆ ಗೋದಾಮಿನ ಸರಕು ಕೇಬಲ್ ವೈರು ಹಿಡಿದು ಭದ್ರಾವತಿ, ಶಂಕರಘಟ್ಟದ ತನಕ ಬಂತು.

ಬಹಳ ಜನ ಚಾನೆಲ್ ತಿರುಗಿಸುತ್ತಿದ್ದರು. ನಾನು ತಿರುಗಿಸಲಿಲ್ಲ. ಭಾಷೆ ಅರ್ಥವಾಗುತ್ತಿರಲಿಲ್ಲ, ಮುಖ ಅರ್ಥವಾಗುತ್ತಿತ್ತು. ಕಪ್ಪು ಬಿಳುಪು ಟಿವಿಯಲ್ಲಿ ಕಪ್ಪು ಬಿಳುಪು ಸಿನಿಮಾ, ಬಣ್ಣದ ಟಿವಿ ಇದ್ದವರಿಗಿಂತ ನಮಗೇನೂ ನಷ್ಟವಿರಲಿಲ್ಲ. ಮುಖ್ಯವಾಗಿ, ಅದು ನಮ್ಮದೇ ಮನೆ. ಕಿಟಕಿ ಸರಳು ಹಿಡಿದವನಿಗೆ ಸ್ವಂತ ಚಾಪೆ ಅಂದ್ರೆ ಏನು ಅಂತ ಗೊತ್ತಿರುತ್ತೆ.

ಈಗ ಆ ಸಿನಿಮಾಗಳು ಹುಟ್ಟಿದ ದೇಶಕ್ಕೆ ಬರೋಣ. ಅಲ್ಲಿ ನಮ್ಮಂಥವರು ಎಲ್ಲಿ ಕೂತು ನೋಡುತ್ತಿದ್ದರು?

ಅಮೆರಿಕದ ದಕ್ಷಿಣದ ರಾಜ್ಯಗಳ ಟಾಕೀಸುಗಳಲ್ಲಿ ಕರಿಯರಿಗೆ ಮುಂಬಾಗಿಲು ಇರಲಿಲ್ಲ. ಪಕ್ಕದ ಬಾಗಿಲಿಂದ ಮೆಟ್ಟಿಲು ಹತ್ತಿ ಮೇಲಿನ ಬಾಲ್ಕನಿಗೆ ಹೋಗಬೇಕು. ನಮ್ಮಲ್ಲಿ ಬಾಲ್ಕನಿ ಅಂದ್ರೆ ದುಡ್ಡಿದ್ದವರ ಜಾಗ. ಅಲ್ಲಿ ಬಾಲ್ಕನಿ ಅಂದ್ರೆ ಕೇರಿ. ಮೇಲೆ ಕೂರಿಸಿಯೂ ಕೀಳು ಮಾಡಬಹುದು ಅನ್ನುವುದನ್ನು ಅವರಿಂದ ಕಲಿಯಬೇಕು.

1939ರ ಗಾನ್ ವಿತ್ ದ ವಿಂಡ್ ಸಿನಿಮಾದ ಹೆಸರು ಕೇಳಿರುತ್ತೀರಿ. ಹಾಲಿವುಡ್‌ನ ಮಹಾನ್ ಚಿತ್ರಗಳ ಪಟ್ಟಿ ಮಾಡಿದರೆ ಇದಿಲ್ಲದೆ ಪಟ್ಟಿಯಿಲ್ಲ. ಅದರಲ್ಲಿ ಮನೆಯಾಳಿನ ಪಾತ್ರ ಮಾಡಿದಾಕೆ ಹ್ಯಾಟಿ ಮೆಕ್‌ಡೇನಿಯಲ್. ಈಕೆಯ ಅಪ್ಪ ಗುಲಾಮನಾಗಿ ಹುಟ್ಟಿದವನು, ಅಂತರ್ಯುದ್ಧದಲ್ಲಿ ಉತ್ತರದ ಸೇನೆ ಸೇರಿ ಹೋರಾಡಿದವನು. 1939ರ ಡಿಸೆಂಬರ್ 15ರಂದು ಅಟ್ಲಾಂಟಾ ನಗರದಲ್ಲಿ ಸಿನಿಮಾದ ಮೊದಲ ಪ್ರದರ್ಶನ. ಊರೆಲ್ಲ ತೋರಣ, ಮೆರವಣಿಗೆ. ಚಿತ್ರದಲ್ಲಿ ನಟಿಸಿದ ಕರಿಯರಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ತಾನೇ ಮಾಡಿದ ಪಾತ್ರವನ್ನು ಆ ಹಾಲ್‌ನಲ್ಲಿ ಕೂತು ನೋಡುವ ಹಾಗಿಲ್ಲ!

ಎರಡು ತಿಂಗಳ ನಂತರ, 1940ರ ಫೆಬ್ರವರಿ 29ರಂದು, ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಆ ಹೋಟೆಲಿಗೆ ಕರಿಯರನ್ನು ಸೇರಿಸುತ್ತಿರಲಿಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಹೇಳಿಸಿ ಕೇಳಿಸಿ ಆಕೆಗೆ ಒಳಕ್ಕೆ ದಾರಿ ಮಾಡಬೇಕಾಯಿತು. ಒಳಗೆ ಬಿಟ್ಟರು. ಆದರೆ ಸಹನಟರ ಮೇಜಿನಲ್ಲಲ್ಲ, ಗೋಡೆ ಪಕ್ಕದ ಪುಟ್ಟ ಮೇಜಿನಲ್ಲಿ. ಅಲ್ಲಿಂದ ಎದ್ದು ಬಂದು ಆಕೆ ಆಸ್ಕರ್ ತಗೊಂಡಳು, ಆ ಪ್ರಶಸ್ತಿ ಪಡೆದ ಮೊದಲ ಕರಿಯ ವ್ಯಕ್ತಿ. ತಗೊಂಡು ವಾಪಸ್ ಅದೇ ಮೇಜಿಗೆ ಹೋದಳು. ನಮ್ಮೂರಿನ ಹೋಟೆಲುಗಳ ಎರಡು ಲೋಟದ ಪದ್ಧತಿ ಗೊತ್ತಿರುವ ಯಾರಿಗೂ ಆ ಮೇಜಿನ ಬಗ್ಗೆ ವಿವರಣೆ ಬೇಕಾಗಿಲ್ಲ. ಎರಡನೇ ಕರಿಯ ನಟಿಗೆ ಆಸ್ಕರ್ ಸಿಗಲು 1991ರವರೆಗೆ, ವೂಪಿ ಗೋಲ್ಡ್‌ಬರ್ಗ್ ತನಕ ಕಾಯಬೇಕಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. 1952ರಲ್ಲಿ ಆಕೆ ತೀರಿಕೊಂಡಾಗ ಹಾಲಿವುಡ್ ಸ್ಮಶಾನದಲ್ಲಿ ತನ್ನನ್ನು ಮಣ್ಣು ಮಾಡಬೇಕು ಅನ್ನುವುದು ಆಕೆಯ ಕೊನೆಯ ಆಸೆಯಾಗಿತ್ತು. ಆ ಸ್ಮಶಾನ ಬಿಳಿಯರದ್ದು, ಆಗುವುದಿಲ್ಲ ಅಂದರು. ಬೇರೆ ಕಡೆ ಹೂಳಿದರು. 1999ರಲ್ಲಿ ಅಲ್ಲಿ ಆಕೆಯ ಹೆಸರಿನ ಒಂದು ಕಲ್ಲು ನಿಲ್ಲಿಸಿದರು. ಸ್ಮಶಾನದ ಜಾಗಕ್ಕೆ ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಅಲೆದ ನಮ್ಮ ಸಂಗಾತಿಗಳು ಇದನ್ನು ಓದಿಕೊಳ್ಳಲಿ. ಆಸ್ಕರ್ ಇದ್ದವಳಿಗೂ ಆರಡಿ ಮೂರಡಿ ಸಿಗಲಿಲ್ಲ.

ಹಾಗಾದರೆ ಇಂಥ ಸಿನಿಮಾ ಯಾಕೆ ನೋಡಬೇಕು ಅಂತೀರಾ? ಇಲ್ಲೇ ನನ್ನ ಮಾತು ಶುರುವಾಗೋದು.

ಟಾಕೀಸಲ್ಲಿ ಸಿನಿಮಾ ನಮ್ಮನ್ನು ಓಡಿಸಿಕೊಂಡು ಹೋಗುತ್ತೆ. ಅದು ಯಾರನ್ನು ನೋಡು ಅನ್ನುತ್ತೋ ಅವರನ್ನೇ ನೋಡಬೇಕು. ಮನೆಯಲ್ಲಿ ರಿಮೋಟು ನಮ್ಮ ಕೈಲಿ. ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಮೂಲೆಯಲ್ಲಿ ನಿಂತವರ ಮುಖ ನೋಡಬಹುದು. ಗಾನ್ ವಿತ್ ದ ವಿಂಡ್‌ನಲ್ಲಿ ಯಜಮಾನರ ಮಗಳಿಗೆ ಹ್ಯಾಟಿ ಸೊಂಟಪಟ್ಟಿ ಬಿಗಿಯುವ ದೃಶ್ಯ ಇದೆ. ಅಲ್ಲಿ ನಿಲ್ಲಿಸಿದೆ. ನಮ್ಮ ಕೇರಿಯ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: "ಮಾವ, ಈ ಅಜ್ಜಿ ಹೆಸರೇನು?"

ಇಲ್ಲ. ಹೆಸರಿಲ್ಲ. ನಾಲ್ಕು ಗಂಟೆಗೆ ಹತ್ತಿರದ ಸಿನಿಮಾದಲ್ಲಿ ಎಲ್ಲರೂ ಆಕೆಯನ್ನು 'ಮ್ಯಾಮಿ' ಅಂತಲೇ ಕರೀತಾರೆ. ಅದು ಹೆಸರಲ್ಲ, ಕೆಲಸ. ನಮ್ಮಜ್ಜಿಯನ್ನು ಊರವರು ಹೆಸರಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಕಚೇರಿ ರಿಜಿಸ್ಟರಿನಲ್ಲಿ ಕೊನೆಗೊಂದು ಷರಾ ಕಾಲಂ ಇರುತ್ತಲ್ಲ, ಬೇರೆಲ್ಲೂ ಬರೆಯಲಾಗದ್ದನ್ನು ಬರೆಯುವ ಜಾಗ? ಆ ಸಿನಿಮಾದ ಕರಿಯರೆಲ್ಲ ಷರಾ ಕಾಲಂನಲ್ಲಿದ್ದಾರೆ. ಆದರೆ ಹ್ಯಾಟಿ ಅನ್ನುವ ನಟಿ ಆ ಇಕ್ಕಟ್ಟಿನ ಜಾಗದಲ್ಲೇ ಎಷ್ಟು ದೊಡ್ಡದಾಗಿ ನಿಂತಿದ್ದಾಳೆ ಅಂದರೆ, ಒಮ್ಮೆ ಅವಳನ್ನು ಗಮನಿಸಿದಮೇಲೆ ನಾಯಕಿ ಕಡೆ ಕಣ್ಣೇ ಹೋಗೋದಿಲ್ಲ. ಸಿನಿಮಾದ ಯಜಮಾನಿಕೆಯನ್ನು ಬಯ್ಯುತ್ತಲೇ ನಟಿಯ ಕಲೆಗೆ ಕೈಮುಗಿಯಬಹುದು. ಎರಡೂ ಒಟ್ಟಿಗೆ ಸಾಧ್ಯ. ಇದನ್ನೇ ನಾನು ನೋಡುವುದು ಅಂತೀನಿ.

ಬಾಬಾಸಾಹೇಬರ ಕಾಲಕ್ಕೆ ಒಂದು ಹೆಜ್ಜೆ ಹಿಂದೆ ಹೋಗೋಣ.

1913ರ ಜುಲೈನಿಂದ 1916ರವರೆಗೆ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅವರು ಆ ಊರಲ್ಲಿದ್ದಾಗಲೇ, 1915ರ ಮಾರ್ಚ್ 3ರಂದು, 42ನೇ ಬೀದಿಯ ಲಿಬರ್ಟಿ ಥಿಯೇಟರಿನಲ್ಲಿ ಡಿ. ಡಬ್ಲ್ಯು. ಗ್ರಿಫಿತ್‌ನ ದ ಬರ್ತ್ ಆಫ್ ಎ ನೇಷನ್ ತೆರೆಕಂಡಿತು. ಕೊಲಂಬಿಯಾ ಇರುವುದು ಅದೇ ಊರಿನ 116ನೇ ಬೀದಿಯಲ್ಲಿ. ಹಾಲಿವುಡ್ಡಿನ ಕಥೆ ಹೇಳುವ ವ್ಯಾಕರಣವೆಲ್ಲ ಈ ಚಿತ್ರದಿಂದ ಗಟ್ಟಿಯಾಯಿತು ಅಂತ ಪುಸ್ತಕಗಳು ಹೇಳುತ್ತವೆ. ಕಥೆ ಏನು? ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು ದುಷ್ಟರು, ಮುಖವಾಡ ಹಾಕಿ ಕುದುರೆ ಏರಿ ಬಂದು ಅವರನ್ನು ಕೊಲ್ಲುವ ಕು ಕ್ಲಕ್ಸ್ ಕ್ಲಾನ್‌ನವರು ವೀರರು. ಮುಖ್ಯ ಕರಿಯ ಪಾತ್ರಗಳನ್ನು ಮಾಡಿದ್ದು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು. ಅಧ್ಯಕ್ಷ ವುಡ್ರೋ ವಿಲ್ಸನ್ ಶ್ವೇತಭವನದಲ್ಲೇ ಈ ಸಿನಿಮಾ ಹಾಕಿಸಿಕೊಂಡು ನೋಡಿದ. ಸತ್ತುಹೋಗಿದ್ದ ಕ್ಲಾನ್ ಅದೇ ವರ್ಷ ಜಾರ್ಜಿಯಾದಲ್ಲಿ ಮತ್ತೆ ಎದ್ದು ಕೂತಿತು. ಕರಿಯರ ಹಕ್ಕುಗಳ ಸಂಘಟನೆ ಎನ್.ಎ.ಎ.ಸಿ.ಪಿ. ಊರೂರಲ್ಲಿ ಈ ಚಿತ್ರದ ವಿರುದ್ಧ ಪ್ರತಿಭಟಿಸಿತು. ಆ ಸಂಘಟನೆಯ ಪತ್ರಿಕೆಯ ಸಂಪಾದಕರಾಗಿದ್ದವರು ಡಬ್ಲ್ಯು. ಇ. ಬಿ. ಡುಬಾಯ್ಸ್. 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದದ್ದು, ಅಸ್ಪೃಶ್ಯರಿಗೂ ಕರಿಯರಿಗೂ ಇರುವ ಹೋಲಿಕೆಯನ್ನು ಹೇಳಿ, ವಿಶ್ವಸಂಸ್ಥೆಗೆ ಕರಿಯರು ಕೊಟ್ಟ ಮನವಿಯ ಪ್ರತಿ ಕೇಳಿದ್ದು ಇದೇ ಡುಬಾಯ್ಸ್‌ಗೆ.

ಪ್ರತಿಭಟನೆ ಒಂದು ದಾರಿ. ಇನ್ನೊಂದು ದಾರಿ ಹಿಡಿದವನು ಆಸ್ಕರ್ ಮಿಷೋ. ಗುಲಾಮಗಿರಿ ಕಂಡ ಮನೆತನದವನು. ದಕ್ಷಿಣ ಡಕೋಟಾದಲ್ಲಿ ಬೇಸಾಯ ಮಾಡಿದ, ತಾನು ಬರೆದ ಪುಸ್ತಕವನ್ನು ಮನೆಮನೆಗೆ ಹೊತ್ತು ಮಾರಿದ, ಆಮೇಲೆ ತಾನೇ ಕಂಪನಿ ಕಟ್ಟಿ ಸಿನಿಮಾ ಮಾಡಿದ. 1920ರಲ್ಲಿ ಬಂದ ಅವನ ವಿದಿನ್ ಅವರ್ ಗೇಟ್ಸ್ ಕರಿಯ ಮಕ್ಕಳ ಶಾಲೆಗೆ ದುಡ್ಡು ಎತ್ತಲು ಹೊರಟ ಒಬ್ಬ ಮೇಷ್ಟ್ರಮ್ಮನ ಕಥೆ. ಗ್ರಿಫಿತ್ ವೀರರೆಂದು ತೋರಿಸಿದವರು ನಿಜವಾಗಿ ಏನು ಮಾಡುತ್ತಿದ್ದರು ಅನ್ನುವುದನ್ನು, ಒಂದು ಕುಟುಂಬವನ್ನು ಮರಕ್ಕೆ ನೇತುಹಾಕುವ ಗುಂಪನ್ನು, ಇವನು ತೋರಿಸಿದ. ಗ್ರಿಫಿತ್‌ನ ಸಿನಿಮಾ ಎಲ್ಲ ಕಡೆ ಉಳಿಯಿತು. ಮಿಷೋನ ಸಿನಿಮಾ ಕಳೆದೇ ಹೋಯಿತು. ದಶಕಗಳ ನಂತರ ಸ್ಪೇನ್ ದೇಶದಲ್ಲಿ ಒಂದೇ ಒಂದು ಪ್ರತಿ ಸಿಕ್ಕಿ, 1993ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸರಿಪಡಿಸಿ ಹೊರತಂದಿತು. ಯಾರ ಕಡತ ಉಳಿಯುತ್ತೆ, ಯಾರದ್ದು ಗೆದ್ದಲು ಹಿಡಿಯುತ್ತೆ ಅನ್ನುವುದು ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದ ನನಗೆ ಹೊಸದಲ್ಲ. ಇವತ್ತು ಆ ಸಿನಿಮಾ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ನ್ಯೂಯಾರ್ಕಿನಲ್ಲಿ ಬಾಲ್ಕನಿ ಹತ್ತಬೇಕಾಗಿಲ್ಲ, ಶಂಕರಘಟ್ಟದಲ್ಲಿ ಚಾಪೆ ಹಾಸಿದರೆ ಸಾಕು.

ಈಗ ನಮ್ಮ ಊರಿನದ್ದೇ ಒಂದು ಲೆಕ್ಕ. 1936.

ಆ ವರ್ಷದ ಫೆಬ್ರವರಿಯಲ್ಲಿ ಚಾಪ್ಲಿನ್‌ನ ಮಾಡರ್ನ್ ಟೈಮ್ಸ್ ಬಿಡುಗಡೆಯಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಬಾಬಾಸಾಹೇಬರು ಜಾತಿ ವಿನಾಶದ ಭಾಷಣವನ್ನು, ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಸಭೆ ರದ್ದು ಮಾಡಿದ ಕಾರಣ, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ವರ್ಷ ಭದ್ರಾವತಿಯಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಒಂದು ಯಂತ್ರದ ಬಗ್ಗೆ, ಒಂದು ಜಾತಿಯ ಬಗ್ಗೆ, ಮತ್ತೊಂದು ಕಾಗದ ಮಾಡುವ ಕಾರ್ಖಾನೆ. ಯಾವುದಕ್ಕೂ ಯಾವುದೂ ಸಂಬಂಧವಿಲ್ಲ ಅನ್ನಿಸುತ್ತೆ. ನಮ್ಮ ಚಾಪೆ ಮೇಲೆ ಕೂತರೆ ಸಂಬಂಧ ಕಾಣುತ್ತೆ.

ಮಾಡರ್ನ್ ಟೈಮ್ಸ್‌ನ ಕಾರ್ಖಾನೆ ಒಂದು ಉಕ್ಕಿನ ಕಂಪನಿ. ಚಾಪ್ಲಿನ್ ಓಡುವ ಬೆಲ್ಟಿನ ಮುಂದೆ ನಿಂತು ಬೋಲ್ಟು ಬಿಗಿಯುವ ಕಾರ್ಮಿಕ. ಮಾಲೀಕ ತನ್ನ ರೂಮಿನಲ್ಲಿ ಕೂತು ಪರದೆಯಲ್ಲಿ ಎಲ್ಲರನ್ನೂ ನೋಡ್ತಾ, ವೇಗ ಹೆಚ್ಚಿಸು ಅಂತ ಹೇಳ್ತಾನೆ. ಕಕ್ಕಸಿಗೆ ಹೋದರೆ ಅಲ್ಲೂ ಪರದೆಯಲ್ಲಿ ಬಂದು ಗದರಿಸ್ತಾನೆ. ಊಟದ ಹೊತ್ತು ಉಳಿಸಲಿಕ್ಕೆ ತುತ್ತು ತಿನ್ನಿಸುವ ಯಂತ್ರ ತರ್ತಾರೆ. ಸುಮಾರು ಮೂವತ್ತು ವರ್ಷ ಗುತ್ತಿಗೆ ಕೆಲಸ ಮಾಡಿ ಮನೆ ಸೇರಿರುವ ನಮ್ಮ ಚಿಕ್ಕಪ್ಪನನ್ನು ಕರೆದುಕೊಂಡು ಬಂದು ಕೂರಿಸಿದ್ದೆ. ಮಕ್ಕಳೆಲ್ಲ ತಿನ್ನಿಸುವ ಯಂತ್ರ ನೋಡಿ ಬಿದ್ದು ಬಿದ್ದು ನಕ್ಕವು. ಚಿಕ್ಕಪ್ಪ ನಗಲಿಲ್ಲ. ಆಮೇಲೆ ಚಾಪ್ಲಿನ್ ಕೆಲಸ ಬಿಟ್ಟು ಹೊರಗೆ ಬಂದಮೇಲೂ ಅವನ ಎರಡು ಕೈ ಬೋಲ್ಟು ತಿರುಗಿಸಿದ ಹಾಗೆ ಅಲ್ಲಾಡ್ತಾನೇ ಇರುತ್ತಲ್ಲ, ಅದನ್ನು ನೋಡಿ ತನ್ನ ಬಲಗೈ ನೋಡಿಕೊಂಡು ಅಂದ: "ಇದು ನಿಜ ಕಣೋ. ನಿಮ್ಮ ಚಿಕ್ಕಮ್ಮನ್ನ ಕೇಳು, ರಾತ್ರಿ ನಿದ್ದೇಲೂ ನಂದು ಹಿಂಗೇ."

ಇಂಗ್ಲಿಷ್ ಬಾರದ, ಓದು ಬರಹವಿಲ್ಲದ ಒಬ್ಬ ಮನುಷ್ಯ ಸಿನಿಮಾಕ್ಕೆ ಮಾಡಬಹುದಾದ ಅತಿ ದೊಡ್ಡ ವಿಮರ್ಶೆ ಅದು.

ಇನ್ನೊಂದು ದೃಶ್ಯ ನಮ್ಮ ಸಂಗಾತಿಗಳು ನೋಡಲೇಬೇಕು. ಲಾರಿ ಹಿಂದಿನಿಂದ ಎಚ್ಚರಿಕೆಯ ಬಾವುಟ ಬೀಳುತ್ತೆ. ಪಾಪ ಬಿದ್ದುಹೋಯಿತಲ್ಲ ಅಂತ ಚಾಪ್ಲಿನ್ ಅದನ್ನೆತ್ತಿ ಬೀಸ್ತಾ ಲಾರಿ ಹಿಂದೆ ಹೋಗ್ತಾನೆ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ನಿರುದ್ಯೋಗಿಗಳ ಮೆರವಣಿಗೆ ತಿರುವು ದಾಟಿ ಬಂದುಬಿಡುತ್ತೆ. ಪೊಲೀಸರು ಇವನೇ ಲೀಡರ್ ಅಂತ ಎತ್ತಾಕಿಕೊಂಡು ಹೋಗ್ತಾರೆ. ಧರಣಿಯಲ್ಲಿ ಸುಮ್ಮನೆ ಬ್ಯಾನರ್ ಹಿಡಿದು ಎಫ್.ಐ.ಆರ್.ನಲ್ಲಿ ಎ-1 ಆದವರು ನಮ್ಮಲ್ಲೂ ಇದ್ದಾರೆ, ಹೆಸರು ಹೇಳೋದಿಲ್ಲ, ಅವರೇ ನಗಲಿ.

1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಪೇಪರ್ ಮಿಲ್ಲಿನ ಉತ್ಪಾದನೆ ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತಿತ್ತು. ಯಂತ್ರ ಓಡಿದಾಗ ಮನುಷ್ಯನ ಕೈಗೆ ಏನಾಗುತ್ತೆ ಅಂತ ಚಾಪ್ಲಿನ್ ತೋರಿಸಿದ. ಯಂತ್ರ ನಿಂತಾಗ ಏನಾಗುತ್ತೆ ಅನ್ನುವುದನ್ನೂ ತೋರಿಸಿದ, ಅರ್ಧ ಸಿನಿಮಾ ಅವನು ಕೆಲಸ ಹುಡುಕುತ್ತಲೇ ಇರ್ತಾನೆ. ಆದ್ದರಿಂದ ಫ್ಯಾಕ್ಟರಿ ಮುಚ್ಚಿರುವಾಗ ಈ ಸಿನಿಮಾ ಯಾಕೆ ಅನ್ನಬೇಡಿ. ಫ್ಯಾಕ್ಟರಿ ಮುಚ್ಚಿರುವುದಕ್ಕೇ ಈ ಸಿನಿಮಾ.

ಇನ್ನು ಭಾಷೆಯ ವಿಷಯ. ನನ್ನದು ಕನ್ನಡ ಮೀಡಿಯಂ. ಚಾಪ್ಲಿನ್‌ಗೆ ಭಾಷೆ ಬೇಡ, ಉಳಿದವಕ್ಕೆ ಬೇಕು. ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್ ವಿರೋಧ 1960ರ ದಶಕದಿಂದ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಅಂತ ಹೇಳಿತು. ಡಬ್ಬಿಂಗ್ ಬೇಡ ಅಂದವರಿಗೆ ಅವರದ್ದೇ ಕಾರಣಗಳಿದ್ದವು, ಕನ್ನಡದ ಕಲಾವಿದರ ಅನ್ನದ ಪ್ರಶ್ನೆ ಇತ್ತು, ಒಪ್ತೀನಿ. ಆದರೆ ಅದರ ಒಂದು ಫಲ ಏನಾಯಿತು? ಇಂಗ್ಲಿಷ್ ಬಂದವರಿಗೆ ಮಾತ್ರ ಜಗತ್ತಿನ ಸಿನಿಮಾ. ನಮ್ಮಲ್ಲಿ ಇಂಗ್ಲಿಷ್ ಯಾರಿಗೆ ಮೊದಲು ಬಂತು ಅನ್ನುವ ಚರಿತ್ರೆ ನಿಮಗೇ ಗೊತ್ತು.

ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ಈ ಗೋಡೆಗೆ ಮೊದಲು ಕಿಂಡಿ ಕೊರೆದವರನ್ನು ನೆನೆಯದೆ ಮುಂದೆ ಹೋಗಬಾರದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ, ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾಗಳನ್ನು ತೋರಿಸಿ ಕನ್ನಡದಲ್ಲಿ ವಿವರಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರಂಥವರು ಅಡಿಕೆ ತೋಟದ ನಡುವೆ ಬಂದು ಪಾಠ ಮಾಡಿದರು. ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಹಳ್ಳಿಯವರಿಗೆ ಏನು ಅರ್ಥವಾಗುತ್ತೆ ಅನ್ನುವ ಅಹಂಕಾರವನ್ನು ಹೆಗ್ಗೋಡು ಮುರಿಯಿತು. ಅದು ದೊಡ್ಡ ಕೆಲಸ. ನನ್ನ ಮಾತು ಅದರ ಮುಂದಿನದ್ದು: ಶಿಬಿರಕ್ಕೆ ಹೋಗಲು ದಿನಗಟ್ಟಲೆ ಪುರುಸೊತ್ತು ಬೇಕು. ಅಡಿಕೆ ಸುಲಿಯುವವರಿಗೆ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಅವರ ಹತ್ತಿರ ಸಿನಿಮಾ ಬರಬೇಕಾದರೆ ಅವರ ಮನೆಗೇ ಬರಬೇಕು, ಕೆಲಸ ಮುಗಿದ ಮೇಲೆ ಬರಬೇಕು.

ಬಂದಿದೆ. ನಮ್ಮ ಮನೆಯ ಏರ್ಪಾಡು ಹೇಳ್ತೀನಿ, ದೊಡ್ಡದೇನಿಲ್ಲ. ಗೋಡೆ ಮೇಲೆ 32 ಇಂಚಿನ ಟಿವಿ, ಅದಕ್ಕೆ ನನ್ನ ಮೊಬೈಲು. ಹಿಂದಿನ ರಾತ್ರಿ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡಿ ನೋಟ್ ಮಾಡಿಕೊಳ್ತೀನಿ. ಭಾನುವಾರ ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳ್ತೀನಿ. ಕಾಲೇಜು ಓದುವ ಹುಡುಗರು ಈಗ ನನಗಿಂತ ಚೆನ್ನಾಗಿ ಹೇಳ್ತಾರೆ, ಸಬ್‌ಟೈಟಲ್ ಓದಿ ಓದಿ ಇಬ್ಬರಿಗೆ ಇಂಗ್ಲಿಷಿನ ಭಯ ಬಿಟ್ಟಿದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ, ಭದ್ರಾ ಡ್ಯಾಮ್ ಪಕ್ಕದಲ್ಲೇ ಇದ್ದರೂ ಹೋಗುತ್ತೆ, ಅಲ್ಲೀವರೆಗೆ ನೋಡಿದ್ದರ ಬಗ್ಗೆ ಕತ್ತಲಲ್ಲೇ ಚರ್ಚೆ.

ಹಾಗೆ ನಿಲ್ಲಿಸಿ ಚರ್ಚೆ ಮಾಡಿದ ಇನ್ನೊಂದು ಸಿನಿಮಾ 1962ರ ಟು ಕಿಲ್ ಎ ಮಾಕಿಂಗ್‌ಬರ್ಡ್. ಸುಳ್ಳು ಕೇಸಿನಲ್ಲಿ ಸಿಕ್ಕಿದ ಕರಿಯ ಟಾಮ್ ರಾಬಿನ್‌ಸನ್ ಪರವಾಗಿ ಒಳ್ಳೆಯ ಬಿಳಿ ವಕೀಲ ವಾದಿಸುತ್ತಾನೆ. ಕೋರ್ಟಿನಲ್ಲೂ ಕರಿಯರಿಗೆ ಬಾಲ್ಕನಿಯೇ. ಹನ್ನೆರಡು ಮಂದಿ ಬಿಳಿ ಗಂಡಸರ ಜ್ಯೂರಿ ಟಾಮ್ ಅಪರಾಧಿ ಅನ್ನುತ್ತೆ. ವಕೀಲ ಸೋತು ಹೊರಡುವಾಗ ಬಾಲ್ಕನಿಯಲ್ಲಿದ್ದವರೆಲ್ಲ ಗೌರವದಿಂದ ಎದ್ದು ನಿಲ್ತಾರೆ. ಜಗತ್ತೆಲ್ಲ ಕಣ್ಣೀರು ಹಾಕಿದ ದೃಶ್ಯ. ನಮ್ಮ ಮನೆಯಲ್ಲೂ ಒಂದಿಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಒಬ್ಬ ಹುಡುಗ ಕೇಳಿದ: "ಅವರು ಟಾಮ್‌ಗೆ ಯಾಕೆ ಎದ್ದು ನಿಲ್ಲಲ್ಲ?"

ಅವತ್ತು ನಾನು ಕಂಬಾಲಪಲ್ಲಿಯ ಕಥೆ ಹೇಳಿದೆ. ಈ ಮಕ್ಕಳು ಆಗ ಹುಟ್ಟಿರಲಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಿನಿಮಾದಲ್ಲಿ ನಿರಪರಾಧಿಗೆ ಶಿಕ್ಷೆ, ಇಲ್ಲಿ ಏಳು ಸಾವಿಗೆ ಅಪರಾಧಿಯೇ ಇಲ್ಲ. ಸಾಕ್ಷಿ ಯಾಕೆ ತಿರುಗಿಬೀಳ್ತಾನೆ, ಅವನು ಯಾರ ಹೊಲದಲ್ಲಿ ಕೂಲಿ ಮಾಡಬೇಕು, ಕೇಸು ಮುಗಿದಮೇಲೆ ಯಾವ ಊರಲ್ಲಿ ಬದುಕಬೇಕು ಅಂತ ಆ ರಾತ್ರಿ ಮಾತಾಡಿದ್ದು ನಾವು ಮಾಡಿದ ಯಾವ ಕಾನೂನು ಅರಿವು ಶಿಬಿರಕ್ಕೂ ಕಡಿಮೆಯಿರಲಿಲ್ಲ.

ಮುಂದಿನ ವಾರ ಅದಕ್ಕೆ ಮದ್ದಾಗಿ 1967ರ ಇನ್ ದ ಹೀಟ್ ಆಫ್ ದ ನೈಟ್ ಹಾಕಿದೆ. ಸಿಡ್ನಿ ಪೊಯ್ಟಿಯರ್ ಕರಿಯ ಪೊಲೀಸ್ ಅಧಿಕಾರಿ. ಹತ್ತಿ ತೋಟದ ಬಿಳಿ ಧಣಿ ಅವನ ಕೆನ್ನೆಗೆ ಹೊಡೀತಾನೆ. ಅರೆಕ್ಷಣವೂ ತಡೆಯದೆ ಪೊಯ್ಟಿಯರ್ ತಿರುಗಿ ಹೊಡೀತಾನೆ. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ಏನಾಯ್ತು ಅಂತ ಕೇಳಿದರು. ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆವು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ, ಆಸ್ಕರ್ ಸಮಾರಂಭವನ್ನು ಎರಡು ದಿನ ಮುಂದೂಡಿದರು. ಆಮೇಲೆ ಈ ಸಿನಿಮಾಕ್ಕೇ ಅತ್ಯುತ್ತಮ ಚಿತ್ರ ಪ್ರಶಸ್ತಿ, ಅದರ ಬಿಳಿ ನಟ ರಾಡ್ ಸ್ಟೈಗರ್‌ಗೆ ಅತ್ಯುತ್ತಮ ನಟ. ಏಟು ತಿರುಗಿಸಿ ಕೊಟ್ಟವನ ಹೆಸರು ನಾಮನಿರ್ದೇಶನದ ಪಟ್ಟಿಯಲ್ಲೂ ಇಲ್ಲ.

ಕೊನೆಯದಾಗಿ, ಹಾಲಿವುಡ್ ಹೊರಗೆ ಹಾಕಿದವರ ಸಿನಿಮಾ. ಕಮ್ಯುನಿಸ್ಟರು ಅಂತ ಹಣೆಪಟ್ಟಿ ಹಚ್ಚಿ ಕೆಲಸ ಕಿತ್ತುಕೊಂಡ ಕೆಲವರು ಸೇರಿ 1954ರಲ್ಲಿ ತೆರೆಗೆ ತಂದದ್ದು ಸಾಲ್ಟ್ ಆಫ್ ದ ಅರ್ತ್. ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್ ಜೈಲಿಗೂ ಹೋಗಿ ಬಂದವನು. ನ್ಯೂ ಮೆಕ್ಸಿಕೋದ ಸತುವಿನ ಗಣಿಯಲ್ಲಿ 1950ರಿಂದ 1952ರ ತನಕ ನಡೆದ ಮೆಕ್ಸಿಕನ್ ಮೂಲದ ಕಾರ್ಮಿಕರ ಮುಷ್ಕರವೇ ಕಥೆ. ಮುಷ್ಕರ ಮಾಡಿದವರೇ ಹೆಚ್ಚಿನ ಪಾತ್ರಧಾರಿಗಳು. ನಾಯಕನ ಪಾತ್ರ ಮಾಡಿದ ಹ್ವಾನ್ ಚಕೋನ್ ಆ ಯೂನಿಯನ್ನಿನ ಅಧ್ಯಕ್ಷ. ಚಿತ್ರೀಕರಣ ನಡೆಯುತ್ತಿರುವಾಗಲೇ ನಾಯಕಿ ರೊಸೌರಾ ರೆವುಯೆಲ್ಟಾಸ್‌ಳನ್ನು ಹಿಡಿದು ಮೆಕ್ಸಿಕೋಗೆ ಕಳಿಸಿದರು. ಬೆರಳೆಣಿಕೆಯ ಟಾಕೀಸುಗಳು ಬಿಟ್ಟರೆ ಯಾರೂ ಇದನ್ನು ಹಾಕಲಿಲ್ಲ.

ಬಿಳಿ ಕಾರ್ಮಿಕರ ಮನೆಗಳಲ್ಲಿ ನಲ್ಲಿ ನೀರಿದೆ, ಮೆಕ್ಸಿಕನ್ನರ ಮನೆಗಳಲ್ಲಿಲ್ಲ. ಬೇಡಿಕೆ ಪಟ್ಟಿಗೆ ನೀರು, ಕಕ್ಕಸು ಸೇರಿಸಿ ಅಂತ ಹೆಂಗಸರು ಹೇಳಿದರೆ ಗಂಡಸರು ಆಮೇಲೆ ನೋಡೋಣ ಅಂತಾರೆ. ಗಣಿ ಕಾರ್ಮಿಕರು ಪಿಕೆಟಿಂಗ್ ಮಾಡಬಾರದು ಅಂತ ಕೋರ್ಟು ಆದೇಶ ಕೊಡುತ್ತೆ. ನಾವು ಗಣಿ ಕಾರ್ಮಿಕರಲ್ಲವಲ್ಲ ಅಂತ ಹೆಂಗಸರು ಎದ್ದು ಹೋಗಿ ನಿಲ್ತಾರೆ, ಮಕ್ಕಳ ಸಮೇತ ಜೈಲಿಗೆ ಹೋಗ್ತಾರೆ. ಗಂಡಸರು ಮನೆಯಲ್ಲಿ ಬಟ್ಟೆ ಒಗೀತಾ, ನೀರು ಕಾಯಿಸಲು ಸೌದೆ ಒಡೆಯುವುದು ಎಷ್ಟು ಕಷ್ಟ ಅಂತ ಕಲೀತಾರೆ. ನಮ್ಮ ಮನೆಯವಳು ಅಕ್ಕಿ ಮೊರ ಬದಿಗಿಟ್ಟು ಚಾಪೆಯ ಮುಂದಿನ ಸಾಲಿಗೆ ಬಂದು ಕೂತಳು. ಮುಗಿದಮೇಲೆ ಒಂದೇ ಮಾತು: "ಧರಣಿಗೆ ನಾವು, ಮೈಕಿಗೆ ನೀವು. ಅಲ್ಲೂ ಹಂಗೇ ಇತ್ತು ನೋಡಿ." ನಮ್ಮ ಸಂಘಟನೆಗಳು ಈ ಮಾತಿಗೆ ಇನ್ನೂ ಉತ್ತರ ಕೊಡಬೇಕಾಗಿದೆ. ಪ್ರೊ. ಬಿ. ಕೃಷ್ಣಪ್ಪನವರು ಪಾಠ ಹೇಳುತ್ತಾ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಭದ್ರಾವತಿಯಿಂದಲೇ ಆ ಉತ್ತರ ಶುರುವಾದರೆ ಒಳ್ಳೆಯದು.

ಈಗ ಪ್ರಾಯೋಗಿಕವಾಗಿ ಒಂದು ವಿಷಯ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಸಿನಿಮಾಗಳ ಕಾಪಿರೈಟ್ ಹೆಚ್ಚೆಂದರೆ 95 ವರ್ಷ. ಪ್ರತಿ ಜನವರಿ 1ಕ್ಕೆ ಒಂದೊಂದು ವರ್ಷದ ಸಿನಿಮಾಗಳು ಸಾರ್ವಜನಿಕ ಸ್ವತ್ತಾಗುತ್ತವೆ. ಚಾಪ್ಲಿನ್‌ನ ದ ಕಿಡ್ (1921), ದ ಗೋಲ್ಡ್ ರಶ್ (1925), ಬಸ್ಟರ್ ಕೀಟನ್‌ನ ದ ಜನರಲ್ (1926) ಆಗಲೇ ಆಗಿವೆ. ಮೊದಲು ದ ಕಿಡ್ ಹಾಕಿ. ಬೀದಿಯಲ್ಲಿ ಸಿಕ್ಕ ಕೂಸನ್ನು ಸಾಕುವ ಬಡವನ ಕಥೆ, ಲಂಡನ್ನಿನಲ್ಲಿ ಬಡವರ ವರ್ಕ್‌ಹೌಸ್ ಸೇರಿ ಬೆಳೆದ ಚಾಪ್ಲಿನ್‌ನ ಸ್ವಂತ ಹಸಿವು ಅದರಲ್ಲಿದೆ. ಒಂದು ಗಂಟೆಯ ಸಿನಿಮಾ, ಮಾತಿಲ್ಲ, ಯಾವ ವಯಸ್ಸಿನವರಿಗೂ ಆಗುತ್ತೆ.

ಸಾರ್ವಜನಿಕ ಅನ್ನುವ ಪದ ಬಂದಾಗ ನಮಗೆ ಕೆರೆ ನೆನಪಾಗಬೇಕು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ 1923ರಲ್ಲೇ ಮುಂಬಯಿ ಶಾಸನ ಪರಿಷತ್ತು ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಚೌಡಾರ್ ಕೆರೆ ಎಲ್ಲರದ್ದು ಅಂದಿತ್ತು. ಕಾಗದ ಕಾಗದವಾಗಿಯೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರೆತ್ತಿದ ಮೇಲೆ ಅದು ನಿಜವಾಗಿ ನಮ್ಮದಾಗಲು ಶುರುವಾದದ್ದು.

ಜಗತ್ತಿನ ಒಳ್ಳೆಯ ಸಿನಿಮಾ, ಒಳ್ಳೆಯ ಪುಸ್ತಕ, ಒಳ್ಳೆಯ ಸಂಗೀತ ಎಲ್ಲ ಈಗ ಅಂಥ ಕೆರೆ. ಕಾವಲುಗಾರ ಇಲ್ಲ. ಆದರೆ ಅಲ್ಲೇನಿದೆ ನಿಮಗೆ ಅನ್ನುವ ದನಿ ಇನ್ನೂ ಇದೆ, ಅದು ಕೆಲವು ಸಲ ನಮ್ಮೊಳಗಿಂದಲೇ ಬರುತ್ತೆ. ನೀರಲ್ಲಿ ಕೆಸರೂ ಇರಬಹುದು, ಇಳಿದು ನೋಡಿದವರಿಗೆ ತಾನೇ ಗೊತ್ತಾಗೋದು?

ಬರುವ ಭಾನುವಾರ ನಿಮ್ಮ ನಿಮ್ಮ ಮನೆಯಲ್ಲಿ ಚಾಪೆ ಹಾಸಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ರಿಮೋಟು ಅವರ ಕೈಗೇ ಕೊಡಿ, ಎಲ್ಲಿ ನಿಲ್ಲಿಸಬೇಕು ಅಂತ ಅವರು ಹೇಳ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೆಳಗೆ ಬರೆಯಿರಿ.

ಜೈ ಭೀಮ್.